ನಾಳೆಗೆ ನೆನೆಹಾಕಿದ ಅವರೆಕಾಳು

2022 ಫೆಬ್ರವರಿ 5, ಶನಿವಾರ. ಮಂಡ್ಯ.

ರಾತ್ರಿ 10ಕ್ಕೆ ಕಾಳು ನೆನೆಗೆ ಬಿತ್ತು. ನಾಳೆ ತೋಟದಲ್ಲಿ 12 ಜನ ಗೆಳೆಯರು. ಕೋವಿಡ್‌ನ ರಾತ್ರಿ ಕರ್ಫ್ಯೂ ತೆಗೆದದ್ದು ಮೊನ್ನೆ ಜನವರಿ 31ಕ್ಕೆ. ಅದಾದ ಮೇಲೆ ಇದೇ ಮೊದಲ ಭಾನುವಾರ. 2020ರ ಮಾರ್ಚ್‌ನಿಂದ ಇಷ್ಟೂ ಜನ ಒಟ್ಟಿಗೆ ಕೂತಿಲ್ಲ. ಫೋನಿನಲ್ಲೇ ಮುಖ ನೋಡಿಕೊಂಡಿದ್ದವರನ್ನು ಏಕಾಏಕಿ ಎದುರುಬದುರು ಕುರ್ಚಿ ಹಾಕಿ ಕೂರಿಸಿದರೆ ಮಾತು ಹೊರಡುವುದಿಲ್ಲ. ಅದಕ್ಕೇ ಅಡುಗೆಯವರನ್ನು ಕರೆಯದೆ ಹಿತುಕಿದ ಬೇಳೆ ಸಾರು, ಮುದ್ದೆ. ಕೈಗೆ ಕೆಲಸವಿದ್ದರೆ ಬಾಯಿ ತಾನಾಗಿ ಬಿಚ್ಚುತ್ತದೆ.

ಕಾಯಿ 5 ಕೆ.ಜಿ. ತುಂಬಿದ ಕಾಯಾದರೆ 2 ಕೆ.ಜಿ. ಹತ್ತಿರ ಕಾಳು. ಸಂಕ್ರಾಂತಿ ಕಳೆದದ್ದರಿಂದ ಸೊಗಡು ಇಳಿಮುಖ. ಬಿಡಿಸಿದ ಕೈಗೆ ಜಿಡ್ಡು ಮೆತ್ತಿದರೆ ಇನ್ನೂ ಉಳಿದಿದೆ ಎಂದರ್ಥ. ತೂತಿರುವ ಕಾಯಿ ಹುಳುವಿನ ಪಾಲು. ಬಲಿತು ಒಣಗಿದ ಕಾಳಿಗೆ ಒಂದು ರಾತ್ರಿ ನೆನೆದರೆ ಸಾಲದಿರಬಹುದು, ಸಿಪ್ಪೆ ಸುಲಭಕ್ಕೆ ಬಿಡುವುದಿಲ್ಲ. ಅಂಥವನ್ನು ಬಿಡಿಸುವಾಗಲೇ ಬೇರೆ ಇಟ್ಟರೆ ಬಸ್ಸಾರಿಗಾಗುತ್ತದೆ. ಕಾಳಿನ ಮೇಲೆ ನಾಲ್ಕು ಬೆರಳು ನೀರು ನಿಲ್ಲಬೇಕು, ಬೆಳಿಗ್ಗೆ ಎದ್ದ ಕೂಡಲೇ ಬದಲಿಸಬೇಕು. ಮರೆತರೆ ಹುಳಿ ವಾಸನೆ. ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋದರೆ ಹಿತುಕಿದ ಬೇಳೆಯೇ ಸಿಗುತ್ತದಲ್ಲ ಅಂತ ಯಾರಾದರೂ ಹೇಳುತ್ತಾರೆ. ತರಬಾರದು. ನಾಳೆ ಬೇಕಿರುವುದು ಬೇಳೆಗಿಂತ ಹಿತುಕುವ ಕೆಲಸ.

ಹೆಬ್ಬೆರಳು ತೋರುಬೆರಳ ನಡುವೆ ಕಾಳಿನ ಒಂದು ತುದಿ ಒತ್ತಿದರೆ ಬೇಳೆ ಚಿಮ್ಮುತ್ತದೆ. ಬಟ್ಟಲಿನೊಳಕ್ಕೆ ಹಿಡಿದು ಒತ್ತಬೇಕು, ಇಲ್ಲದಿದ್ದರೆ ಪಕ್ಕದವರ ಮಡಿಲಿಗೆ. (ಅದೂ ಆಗಲಿ.) ಆರು ಜನ ಬಾಯಿ ಮುಚ್ಚಿಕೊಂಡು ಹಿತುಕಿದರೆ ಕಾಲು ಗಂಟೆಯ ಕೆಲಸ, 12 ಜನ ಮಾತಾಡಿಕೊಂಡು ಹಿತುಕಿದರೆ ಮುಕ್ಕಾಲು ಗಂಟೆ. ಸಿಪ್ಪೆ ದನಕ್ಕೆ.

ಒಬ್ಬೊಬ್ಬರಿಗೂ ಬೇರೆ ಬಟ್ಟಲು, ನಡುವೆ ಒಂದು ಮಾರು ಜಾಗ, ಹುಣಸೆ ಮರದ ನೆರಳು. ತೆಂಗಿನ ಮರದ ಕೆಳಗೆ ಬೇಡ, ಗರಿ ಬೀಳುತ್ತದೆ. ಒಲೆಯ ಹೊಗೆ ಕೂತವರ ಕಡೆ ಬರದಂತೆ ಗಾಳಿ ನೋಡಿ ಕಲ್ಲು ಹೂಡಬೇಕು: ಕೋವಿಡ್ ಬಂದುಹೋದವರಿಗೆ ಹೊಗೆ ತಾಗಿದರೆ ಕೆಮ್ಮು ಏಳಬಹುದು, ಒಬ್ಬರು ಕೆಮ್ಮಿದರೆ ಹನ್ನೊಂದು ಜನ ತಿರುಗಿ ನೋಡುತ್ತಾರೆ. ಕೈ ತೊಳೆಯಲು ಸೋಪು ನೀರು ಮಾತ್ರ. ಸ್ಯಾನಿಟೈಸರ್ ಸ್ಪಿರಿಟ್ಟು, ಒಲೆ ಹತ್ತಿರ ಬರಕೂಡದು.

ಆ್ಯಂಟಿಜೆನ್ ಕಿಟ್‌ನಲ್ಲಿ ಪರೀಕ್ಷೆ ಮಾಡಿಕೊಳ್ಳುವವರು ಹೊರಡುವ ಬೆಳಿಗ್ಗೆಯೇ ಮಾಡಿಕೊಳ್ಳಲಿ. ಎರಡು ದಿನ ಹಿಂದಿನದು ಲೆಕ್ಕಕ್ಕಿಲ್ಲ. 15 ನಿಮಿಷಕ್ಕೆ ಗೆರೆ ನೋಡಬೇಕು, 20 ದಾಟಿದ ಮೇಲೆ ಕಂಡದ್ದನ್ನು ನಂಬುವ ಹಾಗಿಲ್ಲ. ಒಂದೇ ಗೆರೆ, ಅಂದರೆ ಸೋಂಕಿಲ್ಲ ಅಂತ ಬಂದರೂ ನೆಗಡಿ, ಗಂಟಲು ನೋವು ಇದ್ದವರು ಲ್ಯಾಬಿನಲ್ಲಿ ಆರ್‌ಟಿಪಿಸಿಆರ್ ಪರೀಕ್ಷೆ ಮಾಡಿಸಲಿ. ಅವರ ಸಾರು ಕ್ಯಾರಿಯರ್‌ನಲ್ಲಿ ಮನೆ ಬಾಗಿಲಿಗೆ.

ಸಾರಿಗೆ ತೆಂಗಿನಕಾಯಿ 1, ಕೆಂಡದಲ್ಲಿ ಸುಟ್ಟ ಈರುಳ್ಳಿ 6, ಬೆಳ್ಳುಳ್ಳಿ 2 ಗೆಡ್ಡೆ, ಹೆಬ್ಬೆರಳುದ್ದ ಶುಂಠಿ, ಚಕ್ಕೆ ಲವಂಗ, ಕೊತ್ತಂಬರಿ, ಸಾರಿನ ಪುಡಿ. ಬೇಳೆಗೆ ಕುಕ್ಕರ್ ಬೇಡ, ಕರಗಿಹೋಗುತ್ತದೆ. ತೆರೆದ ಪಾತ್ರೆಯಲ್ಲಿ ಕಾಲು ಗಂಟೆ ಸಾಕು. ಟೊಮೆಟೊ ಬೇಳೆ ಬೆಂದ ಮೇಲೆಯೇ, ಹುಳಿ ಮೊದಲೇ ಬಿದ್ದರೆ ಬೇಯಲು ಸತಾಯಿಸುತ್ತದೆ. ರುಚಿ ನೋಡಲು ಯಾರನ್ನು ಕರೆಯಬೇಕು ಅನ್ನುವುದೂ ಈಗ ಯೋಚಿಸುವ ಮಾತೇ. ಉಪ್ಪು ಖಾರ ನಾಲಿಗೆ ಹೇಳುತ್ತದೆ, ಸೊಗಡು ಮೂಗಿನ ಕೆಲಸ. ಕೆಲವರಿಗೆ ವಾಸನೆ ಇನ್ನೂ ಸರಿಯಾಗಿ ಮರಳಿಲ್ಲ. ತಮಾಷೆ ಮಾಡಬಾರದು.

ಮುದ್ದೆಗೆ 6 ಪಾವು ಹಿಟ್ಟು, 12 ಪಾವು ನೀರು, ಎರಡು ಸಲಕ್ಕೆ. ಒಟ್ಟಿಗೆ ಹಾಕಿದರೆ ಹೊಸಬರ ರಟ್ಟೆ ನಿಲ್ಲುವುದಿಲ್ಲ. ಹಿಡಿ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಮೊದಲು ಬಿಟ್ಟು, ಅದು ಉಕ್ಕಿ ಬಂದಾಗ ಉಳಿದದ್ದನ್ನು ನಡುವೆ ಗುಡ್ಡೆಯಾಗಿ ಸುರಿಯಬೇಕು. ಕೈ ಹಾಕಬಾರದು. ಕೋಲಿನಿಂದ ನಡುವೆ ಒಂದು ತೂತು ಮಾಡಿ, ಉರಿ ತಗ್ಗಿಸಿ 10 ನಿಮಿಷ ಬಿಟ್ಟರೆ ನೀರು ತೂತಿನಿಂದ ಉಕ್ಕಿ ಹಿಟ್ಟನ್ನು ಬೇಯಿಸುತ್ತದೆ. ಗಂಟಾಗುವುದು ಆತುರ ಪಟ್ಟು ಮೊದಲೇ ತಿರುವಿದಾಗ: ಹಸಿ ಹಿಟ್ಟಿನ ಸುತ್ತ ಬೆಂದ ಹಿಟ್ಟು ಕಟ್ಟಿಕೊಂಡು ಒಳಕ್ಕೆ ನೀರು ಹೋಗುವುದಿಲ್ಲ. ತೊಳಸುವಾಗ ಒಬ್ಬರು ಕವೆಗೋಲಿನಿಂದ ಪಾತ್ರೆ ಒತ್ತಿ ಹಿಡಿಯಬೇಕು. ಗಟ್ಟಿಯಾಯಿತೆಂದರೆ ತೆಗೆದಿಟ್ಟ ಕುದಿನೀರನ್ನೇ ಹಾಕಬೇಕು. ಒದ್ದೆ ಬೆರಳಿಗೆ ಅಂಟದಿದ್ದರೆ ಇಳಿಸಬಹುದು.

ಇಷ್ಟಕ್ಕಿಂತ ಮುಖ್ಯ, ಇವತ್ತೇ ಆಗಬೇಕಿದ್ದ ಒಂದು ಕೆಲಸ: ಎರಡನೇ ಅಲೆಯಲ್ಲಿ ಯಾರ ಮನೆಯಲ್ಲಿ ಯಾರು ಹೋದರು ಅನ್ನುವುದು ಎಲ್ಲರಿಗೂ ಮೊದಲೇ ಗೊತ್ತಿರಬೇಕು. ತಿಥಿಗೂ ಹೋಗಲಾಗದ ಕಾಲ ಅದು. ‘ಅಪ್ಪಾಜಿ ಹೆಂಗವ್ರೆ?’ ಅಂತ ನಗುತ್ತಾ ಕೇಳಿದ ಮೇಲೆ ಆ ಮಾತು ವಾಪಸ್ ತಗೊಳ್ಳಕ್ಕಾಗಲ್ಲ. ಗುಂಪಿಗೆ ಮೆಸೇಜ್ ಹಾಕದೆ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳುವುದು ಸರಿ. ವಂತಿಗೆಯೂ ಹಾಗೆಯೇ, ಕೆಲಸ ಕಳಕೊಂಡವರಿದ್ದಾರೆ, ಇಬ್ಬರೇ ಸೇರಿ ಖರ್ಚು ಹಾಕಿಕೊಂಡು ಸುಮ್ಮನಿರಬೇಕು.

ಫೋನ್ ಹನ್ನೊಂದೂ ಆಯಿತು. ಬಟ್ಟಲು 12, ಬಾಳೆಲೆ 14 ಎಣಿಸಿಟ್ಟಾಗಿದೆ. ಕವೆಗೋಲು ಎಲ್ಲಿದೆಯೋ ಬೆಳಿಗ್ಗೆ ಹುಡುಕಬೇಕು.