ದರಿಯಾ ದೌಲತ್‌ನ ಪಶ್ಚಿಮದ ಗೋಡೆ

ಕಳೆದ ಡಿಸೆಂಬರಿನ ಒಂದು ಭಾನುವಾರ ಬೆಳಗಿನ ಆರು ಗಂಟೆಗೆ ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಎದುರು ನಾವು ಒಂಬತ್ತು ಜನ ಸೈಕಲ್ ಹಿಡಿದು ನಿಂತಿದ್ದೆವು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯನ್ನು ನಾನು ಮೊದಲು ನೋಡಿದ್ದು ಶಾಲೆಯ ಪ್ರವಾಸದಲ್ಲಿ. ಆಮೇಲೆ ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ಐದಾರು ಸಲ ಹೋಗಿದ್ದೇನೆ. ಪ್ರತಿ ಸಲವೂ ಅರಮನೆಯೊಳಗೆ ಹದಿನೈದು ನಿಮಿಷ, ಅಲ್ಲಿಂದ ಗುಂಬಜ್, ಅಲ್ಲಿಂದ ಸಂಗಮ. ಈ ಸಲ ಅರಮನೆಯೊಂದನ್ನೇ ಸಾವಕಾಶವಾಗಿ ನೋಡುವುದೆಂದು ನಮ್ಮ ಸೈಕಲ್ ಪ್ರವಾಸದ ಮಾರ್ಗದರ್ಶಕರು ಮೊದಲೇ ತಿಳಿಸಿದ್ದರು. ನಾನು ಹೆಸರು ಕೊಟ್ಟದ್ದು ಆ ಮಾತಿಗಾಗಿಯೇ.

ಹೊರಡುವ ಮೊದಲು ಅವರು ಪ್ರತಿಯೊಬ್ಬರ ಸೀಟಿನ ಎತ್ತರ ಸರಿಮಾಡಿ, ಬ್ರೇಕು ಒತ್ತಿ ನೋಡಿ, ಚೈನಿಗೆ ಎಣ್ಣೆ ಬಿಟ್ಟರು. "ಮೇಡಂ, ಏರು ಬಂದಾಗ ಎದ್ದು ತುಳೀಬೇಡಿ, ಗೇರು ಇಳಿಸಿ ಕೂತೇ ತುಳೀರಿ" ಎಂದು ನನಗೆ ಹೇಳಿದ ಮಾತು ಆ ದಿನವೆಲ್ಲ ನನ್ನ ಮೊಣಕಾಲುಗಳನ್ನು ಕಾಪಾಡಿತು. ಬೆಂಗಳೂರು ದಶಪಥ ಹೆದ್ದಾರಿಯ ಮುಖ್ಯ ಪಥಗಳಲ್ಲಿ ಸೈಕಲ್ಲಿಗೆ ಅವಕಾಶವಿಲ್ಲ, ಹಾಗಾಗಿ ಸಿದ್ದಲಿಂಗಪುರ, ಕಳಸ್ತವಾಡಿಯ ಕಡೆಯಿಂದ ಪಕ್ಕದ ರಸ್ತೆಗಳಲ್ಲಿ ಸಾಗಿದೆವು. ಎಡೆಯಲ್ಲಿ ಒಂದು ಕಡೆ ರಸ್ತೆಯಂಚಿನ ಜಲ್ಲಿಯ ಮೇಲೆ ಲಾರಿಗೆ ದಾರಿ ಬಿಡಬೇಕಾಗಿ ಬಂದು ನಮ್ಮಲ್ಲೊಬ್ಬರು ಬಿದ್ದು ಅಂಗೈ ತರಚಿಕೊಂಡರು. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಇರುವುದು ಹದಿನೈದು ಹದಿನಾರು ಕಿಲೋಮೀಟರ್. ಇಷ್ಟು ದೂರಕ್ಕೆ ಒಂದು ಮೀಟರ್ ಅಗಲದ ಸೈಕಲ್ ಪಥ ಇದ್ದರೆ ಮಕ್ಕಳನ್ನೂ ಧೈರ್ಯವಾಗಿ ಕರೆದೊಯ್ಯಬಹುದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾವೇರಿಯ ಸೇತುವೆಯ ಬಳಿ ಎಲ್ಲರನ್ನೂ ಇಳಿಸಿ ನಿಲ್ಲಿಸಿದರು. ನದಿ ಪಶ್ಚಿಮದಲ್ಲಿ ಎರಡಾಗಿ ಸೀಳಿ ಪೂರ್ವದ ಸಂಗಮದಲ್ಲಿ ಮತ್ತೆ ಕೂಡಿಕೊಳ್ಳುವ ನಡುವಿನ ನೆಲವೇ ಈ ಪಟ್ಟಣ ಎಂಬುದು ಪಾಠದಲ್ಲಿ ಓದಿ ಗೊತ್ತಿದ್ದರೂ, ಸೈಕಲ್ ತಳ್ಳಿಕೊಂಡು ಆ ನೀರನ್ನು ದಾಟಿದಾಗಲೇ ಕೋಟೆಗೆ ಈ ಜಾಗವನ್ನೇ ಏಕೆ ಆರಿಸಿದರೆಂಬುದು ನನಗೆ ಮನದಟ್ಟಾಯಿತು.

ಅರಮನೆಯಿರುವುದು ಕೋಟೆಯ ಹೊರಗೆ, ಪೂರ್ವಕ್ಕೆ, ನದಿಯ ಬದಿಯ ತೋಟದಲ್ಲಿ. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಈ ಬೇಸಿಗೆ ಅರಮನೆ ಬಹುಪಾಲು ತೇಗದ ಮರದ್ದು. ಬಿಸಿಲಿಗೆ ಬಣ್ಣ ಮಾಸದಿರಲೆಂದು ಪಡಸಾಲೆಯ ಸುತ್ತ ಹಸಿರು ಪರದೆ ಇಳಿಬಿಟ್ಟಿರುತ್ತಾರೆ. ಒಳಗೆ ಹೋದ ಕೂಡಲೇ ಏನೂ ಕಾಣುವುದಿಲ್ಲ, ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಬೇಕು. ಪ್ರವಾಸಿ ಬಸ್ಸುಗಳಲ್ಲಿ ಬಂದವರು ಆ ಎರಡು ನಿಮಿಷದಲ್ಲಿ ನಮ್ಮನ್ನು ದಾಟಿ ಮುಂದೆ ಹೋಗಿದ್ದರು. ನಾವು ಪಶ್ಚಿಮದ ಗೋಡೆಯ ಮುಂದೆ ಒಂದೂವರೆ ಗಂಟೆ ನಿಂತೆವು.

ಆ ಗೋಡೆಯ ಮೇಲಿರುವುದು 1780ರ ಸೆಪ್ಟೆಂಬರಿನಲ್ಲಿ ಕಾಂಚೀಪುರದ ಸಮೀಪದ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರ ಪಡೆಯನ್ನು ಸೋಲಿಸಿದ ಕಥೆ. ಕೆಂಪು ಕೋಟಿನ ಸಿಪಾಯಿಗಳು ಚೌಕಾಕಾರದಲ್ಲಿ ನಿಂತಿದ್ದಾರೆ, ನಡುವೆ ಪಲ್ಲಕ್ಕಿಯಲ್ಲಿ ಆ ಪಡೆಯ ನಾಯಕ, ಗಾಯಗೊಂಡ ಕರ್ನಲ್ ಬೈಲಿ, ಅವರ ಮೇಲ್ಗಡೆ ಮದ್ದಿನ ಬಂಡಿ ಸಿಡಿಯುತ್ತಿದೆ. ಮಾರ್ಗದರ್ಶಕರು ಪಲ್ಲಕ್ಕಿಯನ್ನು ತೋರಿಸಿ ಏನೂ ಹೇಳದೆ ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ ನನಗೇ ಕಂಡಿತು: ಬೈಲಿ ಬೆರಳನ್ನು ಬಾಯಿಗಿಟ್ಟುಕೊಂಡಿದ್ದಾನೆ. ಸುತ್ತ ಕುದುರೆಗಳು ಓಡುತ್ತಿವೆ, ತಲೆಗಳು ಉರುಳುತ್ತಿವೆ, ಅಷ್ಟು ಗದ್ದಲದ ನಡುವೆ ದಿಕ್ಕು ತೋಚದ ಒಬ್ಬ ಮನುಷ್ಯನನ್ನು ಚಿತ್ರಕಾರ ಆ ಒಂದು ಬೆರಳಿನಲ್ಲಿ ಬರೆದಿದ್ದಾನೆ. ಇಷ್ಟು ಸಲ ಬಂದಿದ್ದರೂ ನಾನು ಅದನ್ನು ನೋಡಿರಲಿಲ್ಲ. ಇನ್ನೊಂದು ಕಡೆ ಮೈಸೂರಿನ ಪರವಾಗಿದ್ದ ಫ್ರೆಂಚ್ ಅಧಿಕಾರಿ ಲಾಲಿ ದುರ್ಬೀನು ಹಿಡಿದು ನಿಂತಿದ್ದಾನೆ.

ಈ ಚಿತ್ರಗಳು ಉಳಿದು ಬಂದ ರೀತಿ ನನ್ನನ್ನು ಇನ್ನೂ ಹೆಚ್ಚು ತಟ್ಟಿತು. 1799ರ ಮೇ 4ರಂದು ಟಿಪ್ಪು ಮಡಿದು ಪಟ್ಟಣ ಇಂಗ್ಲಿಷರ ಕೈಸೇರಿದ ಮೇಲೆ ಇದೇ ಅರಮನೆಯಲ್ಲಿ ವಾಸವಾಗಿದ್ದವನು ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ. ಅಳಿಸಿಹೋಗುತ್ತಿದ್ದ ಚಿತ್ರಗಳಿಗೆ ಅವನು ಮತ್ತೆ ಬಣ್ಣ ಹಾಕಿಸಿದ. ಅರ್ಧ ಶತಮಾನದ ನಂತರ ಗವರ್ನರ್ ಜನರಲ್ ಡಾಲ್‌ಹೌಸಿ ಇನ್ನೊಮ್ಮೆ ಬರೆಸಿದ. ತಮ್ಮ ಸೇನೆ ಸೋತ ಚಿತ್ರವನ್ನೇ ಗೆದ್ದವರು ಉಳಿಸಿಕೊಂಡರಲ್ಲ ಎಂದು ನಾನು ದಾರಿಯುದ್ದಕ್ಕೂ ಯೋಚಿಸಿದ್ದೇನೆ. ಒಳಗೆ ಫೋಟೋ ತೆಗೆಯುವಂತಿಲ್ಲ, ಅದೂ ಒಳ್ಳೆಯದೇ. ತೆಗೆಯಬಹುದಾಗಿದ್ದರೆ ನಾನು ಬೆರಳನ್ನು ನೋಡದೆ ಮೊಬೈಲನ್ನು ನೋಡುತ್ತಿದ್ದೆ.

ಹೊರಗೆ ಎಳನೀರು ಮಾರುತ್ತಿದ್ದ ಹೆಂಗಸು ಕೆಂಪೇರಿದ ನಮ್ಮ ಮುಖಗಳನ್ನು ನೋಡಿ, "ಬಿಸ್ಲಲ್ಲಿ ಬಂದಿದೀರ, ಒಂದೇ ಸಮ ಕುಡೀಬ್ಯಾಡ್ರವ್ವ, ಕೂತ್ಕಂಡು ಕುಡೀರಿ" ಎಂದು ಪ್ಲಾಸ್ಟಿಕ್ ಕುರ್ಚಿ ಸರಿಸಿಕೊಟ್ಟಳು. ಮರಳುವಾಗ ನನ್ನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಟ್ಯೂಬನ್ನು ಹೊರಗೆಳೆದು, ಬಕೆಟ್ಟಿನ ನೀರಿನಲ್ಲಿ ಅದ್ದಿ, ಗುಳ್ಳೆ ಏಳುವ ಜಾಗ ಹುಡುಕಿ, ಉಜ್ಜಿ ಪ್ಯಾಚ್ ಅಂಟಿಸುವುದನ್ನು ಮಾರ್ಗದರ್ಶಕರು ನನ್ನ ಕೈಯಿಂದಲೇ ಮಾಡಿಸಿದರು. ಮನೆ ಸೇರಿದಾಗ ನಾಲ್ಕು ಗಂಟೆ ದಾಟಿತ್ತು.

ಅರಮನೆಯ ಪೂರ್ವದ ಗೋಡೆಗೆ ನಮಗೆ ಸಮಯ ಸಾಲಲಿಲ್ಲ. ಅಲ್ಲಿ ಮಾಗಡಿ ಕೆಂಪೇಗೌಡ, ಚಿತ್ರದುರ್ಗದ ಮದಕರಿ ನಾಯಕ ಮುಂತಾದವರು ಸಾಲು ಸಾಲಾಗಿ ಕುಳಿತಿದ್ದಾರೆ. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಅದಕ್ಕಾಗಿಯೇ ಮತ್ತೆ ಹೊರಡುತ್ತಿದ್ದೇವೆ.