ಡ್ಯಾಕ್ ಆಯ್ಕೆ: ಚಿಪ್ ಪಟ್ಟಿ ಪಕ್ಕಕ್ಕೆ, ಮಲ್ಟಿಮೀಟರ್ ಮೇಜಿಗೆ

ಡ್ಯಾಕ್ ಅಂದರೆ ಡಿಜಿಟಲ್ ಹಾಡಿನ ಅಂಕಿಗಳನ್ನು ಆಂಪ್‌ಗೆ (ಸ್ಪೀಕರ್ ನಡೆಸುವ ಆಂಪ್ಲಿಫೈಯರ್‌ಗೆ) ಬೇಕಾದ ವೋಲ್ಟೇಜ್ ಆಗಿ ಬದಲಿಸುವ ಡಬ್ಬಿ. ನನ್ನ ಆಯ್ಕೆ ಇನ್ನೂ ಮುಗಿದಿಲ್ಲ, ಆದರೆ ಪಟ್ಟಿ ಎರಡಕ್ಕೆ ಇಳಿದಿದೆ. ಒಂದು, ಡೆಲ್ಟಾ-ಸಿಗ್ಮಾ ಚಿಪ್ (ಈಗ ಹೆಚ್ಚಾಗಿ ಕಾಣುವ ಜಾತಿ) ಇರುವ ಪುಟ್ಟ ಡಬ್ಬಿ. ಇನ್ನೊಂದು ಆರ್-2-ಆರ್, ಅಂದರೆ ಸಾಲು ರೆಸಿಸ್ಟರ್‌ಗಳಿಂದ ಅಂಕಿಗಳನ್ನು ವೋಲ್ಟೇಜ್ ಮಾಡುವ ಜಾತಿ. ಎರಡೂ ಗೆಳೆಯರಿಂದ ಎರವಲು ತಂದವು. ಹಾಗಾಗಿ ಆತುರವೂ ಇಲ್ಲ, ತುಂಬಾ ಸಮಯವೂ ಇಲ್ಲ.

ಚಿಪ್ ಹೆಸರು ನೋಡುವುದನ್ನು ಬಿಟ್ಟಿದ್ದೇನೆ. ಚಿಪ್ ಕಂಪನಿ ಇಎಸ್‌ಎಸ್ ಆಗಲಿ, ಎಕೆಎಂ ಆಗಲಿ, ಸುತ್ತಲಿನ ಪವರ್ ಸಪ್ಲೈ ಮತ್ತು ಔಟ್‌ಪುಟ್ ಸರ್ಕ್ಯೂಟ್ ಚೆನ್ನಾಗಿಲ್ಲದಿದ್ದರೆ ಒಳ್ಳೆಯ ಚಿಪ್ ಒಂದೇ ಏನು ಮಾಡೀತು? 1982ರಲ್ಲಿ ಸಿಡಿ ಬಂದಾಗ ಫಿಲಿಪ್ಸ್ ತನ್ನ ಮೊದಲ ಪ್ಲೇಯರ್‌ಗೆ ಹಾಕಿದ್ದು 14 ಬಿಟ್ ಚಿಪ್. ಸಿಡಿಯಲ್ಲಿರುವುದು 16 ಬಿಟ್! ನಾಲ್ಕು ಪಟ್ಟು ಓವರ್‌ಸ್ಯಾಂಪ್ಲಿಂಗ್ ಮಾಡಿ, ಅಂದರೆ ಇರುವ ಅಂಕಿಗಳ ನಡುವೆ ಲೆಕ್ಕ ಹಾಕಿ ಹೆಚ್ಚಿನ ಅಂಕಿ ಸೇರಿಸಿ, ಆ ಕೊರತೆಯನ್ನು ತುಂಬಿಕೊಂಡರು. ಇನ್ನು ಡ್ಯಾಕ್‌ನ ವ್ಯಾಪ್ತಿ, ಅಂದರೆ ಅತಿ ಮೆಲು ಸದ್ದಿಗೂ ಅತಿ ಜೋರು ಸದ್ದಿಗೂ ಇರುವ ಅಂತರ, 110 ಡೆಸಿಬೆಲ್ಲೋ 120 ಡೆಸಿಬೆಲ್ಲೋ ಅನ್ನುವ ಜಗಳ. 16 ಬಿಟ್ ಸಿಡಿಯ ವ್ಯಾಪ್ತಿಯೇ ಸುಮಾರು 96 ಡೆಸಿಬೆಲ್. ಫ್ಯಾನ್ ತಿರುಗುವ ಕೋಣೆಯಲ್ಲಿ ಕೂತು ಅದರಾಚೆಯ ಹತ್ತು ಡೆಸಿಬೆಲ್ ಹುಡುಕುವುದು ನನ್ನ ಕೈಲಾಗದ ಕೆಲಸ.

ನನಗೆ ನಿಜವಾಗಿ ಬೇಕಿದ್ದದ್ದು ಮೂರು ಮೂಲಗಳನ್ನು ಒಂದೇ ಆಂಪ್‌ಗೆ ಸೇರಿಸುವ ದಾರಿ: ಡೆಸ್ಕ್‌ಟಾಪ್, ಟಿವಿ, ಹಳೆಯ ಸಿಡಿ ಪ್ಲೇಯರ್. ಟಿವಿಗೆ ಆಪ್ಟಿಕಲ್ (ಬೆಳಕು ಸಾಗಿಸುವ ಕೇಬಲ್), ಸಿಡಿ ಪ್ಲೇಯರ್‌ಗೆ ಕೋಆಕ್ಸಿಯಲ್ (ಲೋಹದ ಡಿಜಿಟಲ್ ಕೇಬಲ್), ಕಂಪ್ಯೂಟರ್‌ಗೆ ಯುಎಸ್‌ಬಿ. ಆರ್-2-ಆರ್ ಡಬ್ಬಿಯಲ್ಲಿ ಕೋಆಕ್ಸಿಯಲ್ ಇಲ್ಲ. ಅಲ್ಲೇ ಅದಕ್ಕೆ ಒಂದು ಅಂಕ ಕಡಿಮೆ. ಟಿವಿ ಸೇರಿಸುವವರು ಒಂದು ನೆನಪಿಡಿ. ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ (ಸಾದಾ ಡಿಜಿಟಲ್ ಸದ್ದು) ಅಂತ ಇರಬೇಕು. ಡಾಲ್ಬಿ ಬಿಟ್‌ಸ್ಟ್ರೀಮ್ (ಕುಗ್ಗಿಸಿದ ಸರೌಂಡ್ ಸದ್ದು) ಇದ್ದರೆ ಸಾಮಾನ್ಯ ಸ್ಟೀರಿಯೋ ಡ್ಯಾಕ್‌ಗೆ ಅದು ಅರ್ಥವಾಗುವುದಿಲ್ಲ. ಸದ್ದೇ ಬರುವುದಿಲ್ಲ, ಇಲ್ಲವೇ ಬರೀ ಗರಗರ.

ಹೆಚ್ಚು ತಲೆ ತಿಂದದ್ದು ಯುಎಸ್‌ಬಿ. ಡೆಸ್ಕ್‌ಟಾಪ್‌ನಿಂದ ಯುಎಸ್‌ಬಿ ಜೋಡಿಸಿದ ತಕ್ಷಣ ಸ್ಪೀಕರ್‌ನಲ್ಲಿ ಸಣ್ಣಗೆ ಗುಂಯ್ ಅನ್ನುವ ಸದ್ದು. ಮೌಸ್ ಆಡಿಸಿದರೆ ಜೊತೆಗೆ ಚಿರ್ ಚಿರ್. ಎರಡು ಡ್ಯಾಕ್‌ಗಳಲ್ಲೂ ಇದೇ ಕಥೆ, ಹಾಗಾದರೆ ಡ್ಯಾಕ್‌ನ ತಪ್ಪಲ್ಲ ಅಲ್ವಾ? ಡೆಸ್ಕ್‌ಟಾಪ್ ತೆಗೆದು ಲ್ಯಾಪ್‌ಟಾಪ್ ಹಾಕಿದೆ. ಬ್ಯಾಟರಿಯಲ್ಲಿದ್ದಾಗ ಪೂರ್ತಿ ಮೌನ, ಚಾರ್ಜರ್ ಚುಚ್ಚಿದರೆ ಮತ್ತೆ ಗುಂಯ್. ಇದು ಗ್ರೌಂಡ್ ಲೂಪ್. ಕಂಪ್ಯೂಟರ್‌ಗೂ ಆಂಪ್‌ಗೂ ಅರ್ಥಿಂಗ್ ಇದೆ. ಯುಎಸ್‌ಬಿ ಮತ್ತು ಆರ್‌ಸಿಎ (ಡ್ಯಾಕ್‌ನಿಂದ ಆಂಪ್‌ಗೆ ಹೋಗುವ) ಕೇಬಲ್‌ಗಳು ಅವೆರಡನ್ನೂ ಇನ್ನೊಂದು ದಾರಿಯಲ್ಲಿ ಕೂಡಿಸಿ ಸುತ್ತು ಪೂರ್ತಿ ಮಾಡುತ್ತವೆ. ಆ ಸುತ್ತಿನಲ್ಲಿ ಹರಿಯುವ ಸಣ್ಣ ಕರೆಂಟ್ ಸದ್ದಾಗಿ ಹೊರಗೆ ಬರುತ್ತದೆ. ಪ್ಲಗ್‌ನ ಅರ್ಥ್ ಪಿನ್ ಕಿತ್ತುಹಾಕಿ ಅನ್ನುವ ಸಲಹೆ ಯಾರಾದರೂ ಕೊಟ್ಟರೆ ಕೇಳಲೇಬೇಡಿ, ಅದು ಜೀವಕ್ಕೇ ಅಪಾಯ. ನಾನು ಮದರ್‌ಬೋರ್ಡ್‌ನ ಆಪ್ಟಿಕಲ್ ಔಟ್ ಬಳಸಿದೆ. ಅದರಲ್ಲಿ ಹೋಗುವುದು ಬೆಳಕು ಮಾತ್ರ, ಲೋಹದ ಸಂಪರ್ಕವೇ ಇಲ್ಲ. ಗುಂಯ್ ನಿಂತಿತು. ಲೋಹದ ಸಂಪರ್ಕ ಕತ್ತರಿಸುವ ಯುಎಸ್‌ಬಿ ಐಸೊಲೇಟರ್ ಕೂಡ ಒಂದು ದಾರಿ, ಆದರೆ ನನ್ನ ಹಾಡುಗಳ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಅಳತೆ ಅನ್ನುವ ಲೆಕ್ಕ) 44.1 ಅಥವಾ 96 ಕಿಲೋಹರ್ಟ್ಜ್. ಆಪ್ಟಿಕಲ್‌ಗೆ ಅದು ಆರಾಮ. ಈಗ ಟಿವಿಗೂ ಕಂಪ್ಯೂಟರ್‌ಗೂ ಆಪ್ಟಿಕಲ್ ಬೇಕಾಗಿದೆ. ಡೆಲ್ಟಾ-ಸಿಗ್ಮಾ ಡಬ್ಬಿಯಲ್ಲಿ ಎರಡು ಆಪ್ಟಿಕಲ್ ಇವೆ, ಆರ್-2-ಆರ್‌ನಲ್ಲಿ ಒಂದೇ.

ಆಮೇಲೆ ಹೋಲಿಕೆ. ಮೊದಲ ಸಲ ಕೇಳಿದಾಗ ಆರ್-2-ಆರ್ ಎದ್ದು ಕಾಣುವಷ್ಟು ತುಂಬಿದ ದನಿ ಕೊಟ್ಟಿತು. ಅನುಮಾನ ಬಂತು. 100 ಹರ್ಟ್ಜ್ ಸೈನ್ ಟೋನ್ ಫುಲ್ ಲೆವೆಲ್‌ನಲ್ಲಿ ಹಾಕಿ, ಔಟ್‌ಪುಟ್‌ಗೆ ಮಲ್ಟಿಮೀಟರ್ ಹಿಡಿದೆ. (1 ಕಿಲೋಹರ್ಟ್ಜ್ ಬೇಡ, ಅಗ್ಗದ ಮೀಟರ್‌ಗಳು ಅಲ್ಲಿ ತಪ್ಪು ಹೇಳುತ್ತವೆ.) ಡೆಲ್ಟಾ-ಸಿಗ್ಮಾದಲ್ಲಿ 2 ವೋಲ್ಟ್, ಆರ್-2-ಆರ್‌ನಲ್ಲಿ 2.5. ಅಂದರೆ ಸುಮಾರು 2 ಡೆಸಿಬೆಲ್ ಜಾಸ್ತಿ. ನಮ್ಮ ಕಿವಿ ಇಷ್ಟನ್ನು ಎಷ್ಟೋ ಸಲ ಜೋರು ಅಂತ ಗುರುತಿಸುವುದಿಲ್ಲ, ಸುಮ್ನೆ ಚೆನ್ನಾಗಿದೆ ಅಂದುಬಿಡುತ್ತದೆ. ಪ್ಲೇಯರ್‌ನಲ್ಲಿ ಆರ್-2-ಆರ್‌ಗೆ ಹೋಗುವ ಲೆವೆಲ್ ಇಳಿಸಿ ಎರಡನ್ನೂ ಸಮ ಮಾಡಿದೆ. ಮನೆಯವರನ್ನು ಆಂಪ್‌ನ ಇನ್‌ಪುಟ್ ಬದಲಿಸಲು ಕೂರಿಸಿದೆ. ಯಾವುದು ಅಂತ ಅವರು ಹೇಳಬಾರದು, ನಾನು ನೋಡಬಾರದು. ಆ ತುಂಬಿದ ದನಿ ಬಹುಮಟ್ಟಿಗೆ ಮಾಯವಾಯಿತು.

ಪೂರ್ತಿ ಹೋಗಲಿಲ್ಲ. ತಾಳ, ಸಿಂಬಲ್ ಬಂದಾಗ ಆರ್-2-ಆರ್ ಸ್ವಲ್ಪ ಮೆತ್ತಗೆ ಕೇಳುತ್ತಿತ್ತು. ಅದಕ್ಕೂ ಕಾರಣ ಸಿಕ್ಕಿತು: ಅದು ಓವರ್‌ಸ್ಯಾಂಪ್ಲಿಂಗ್ ಇಲ್ಲದ ಮೋಡ್‌ನಲ್ಲಿತ್ತು. 44.1 ಕಿಲೋಹರ್ಟ್ಜ್ ಹಾಡಿನಲ್ಲಿ ಆ ಮೋಡ್ 20 ಕಿಲೋಹರ್ಟ್ಜ್ ಹತ್ತಿರ ಸುಮಾರು 3 ಡೆಸಿಬೆಲ್ ಇಳಿಸುತ್ತದೆ, 10ರ ಹತ್ತಿರ ಮುಕ್ಕಾಲು. ಸ್ವಿಚ್ ಬದಲಿಸಿದ ಮೇಲೆ ನನ್ನ ಉತ್ತರಗಳು ಬರೀ ಊಹೆ. ಆ ಮೆದುತನ ಇಷ್ಟಪಡುವವರ ಮೇಲೆ ನನಗೆ ತಕರಾರಿಲ್ಲ. ನನಗೆ ಬೇಕಾದರೆ ಟ್ರೆಬಲ್ ನಾಬ್ ಇದೆಯಲ್ಲ.

ಸದ್ಯಕ್ಕೆ ಮನಸ್ಸು ಡೆಲ್ಟಾ-ಸಿಗ್ಮಾ ಕಡೆ ವಾಲಿದೆ. ಎರಡು ವಿಷಯ ಬಾಕಿ. ಸ್ಯಾಂಪಲ್ ರೇಟ್ ಬದಲಾದಾಗ ಅದು ಸ್ಪೀಕರ್‌ನಲ್ಲಿ ಟಪ್ ಅನ್ನುತ್ತದಾ ಅಂತ ನೋಡಬೇಕು. ಸದ್ದಿಲ್ಲದಾಗ ನಿದ್ದೆಗೆ ಜಾರಿ, ಮುಂದಿನ ಹಾಡಿನ ಮೊದಲ ಕ್ಷಣವನ್ನು ನುಂಗುತ್ತದಾ ಅಂತಲೂ ನೋಡಬೇಕು. ಎರಡರಲ್ಲೂ ಪಾಸಾದರೆ ಇದೇ ಮಾಡೆಲ್ ತರಿಸುತ್ತೇನೆ.