ನೀಲೇಶ್ವರದ ಹಿನ್ನೀರಿಗೆ ಮಡಚುವ ಕಯಾಕ್ ಒಯ್ಯುವವರಿಗೆ

ಕುಂಬಳೆಯಲ್ಲಿ ರೈಲು ಹತ್ತುವಾಗ ನನ್ನ ಮಡಚುವ ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ, ಎರಡು ಚೀಲಗಳಲ್ಲಿತ್ತು. ಅಕ್ಕನ ಮಗನ ಪ್ಲಾಸ್ಟಿಕ್ ಕಯಾಕ್ ಪಿಕಪ್‌ನಲ್ಲಿ ಬಂತು; ಅದರ ಬಾಡಿಗೆಯೇ ನಮ್ಮ ದೊಡ್ಡ ಖರ್ಚು. ಕೇರಳದ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ಇಳಿದು ಆಟೋ ಹಿಡಿದರೆ ಕೋಟ್ಟಪ್ಪುರ, ಎದುರಿಗೆ ತೇಜಸ್ವಿನಿ ಹೊಳೆ. ಅಲ್ಲಿಂದ ತೆಂಕಕ್ಕೆ ವಲಿಯಪರಂಬದ ಹಿನ್ನೀರು. ಜನವರಿ ಒಳ್ಳೆಯ ಸಮಯ, ಮಳೆಗಾಲದಲ್ಲಿ ಬೇಡವೇ ಬೇಡ.

ಅಲ್ಯುಮಿನಿಯಂ ಕೋಲುಗಳ ಹಂದರ ಜೋಡಿಸಿ, ಹೊದಿಕೆಯೊಳಗೆ ತೂರಿಸಿ ಬಿಗಿಯುವುದಕ್ಕೆ ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಅಳಿಯ ಆಗಲೇ ನೀರಲ್ಲಿದ್ದ. ದಡದಲ್ಲಿದ್ದ ಮೀನುಗಾರರಿಗೆ ಬಟ್ಟೆಯ ದೋಣಿಯ ಮೇಲೆ ನಂಬಿಕೆ ಬರಲಿಲ್ಲ. 1956ರಲ್ಲಿ ಹಾನ್ನೆಸ್ ಲಿಂಡೆಮಾನ್ ಎಂಬ ಜರ್ಮನ್ ವೈದ್ಯ ಇಂಥದೇ, ಕ್ಲೆಪ್ಪರ್ ಕಂಪನಿಯ ಮಡಚುವ ದೋಣಿಯಲ್ಲಿ 72 ದಿನಗಳಲ್ಲಿ ಅಟ್ಲಾಂಟಿಕ್ ದಾಟಿದ್ದನ್ನು ಹೇಳಿದೆ. ಹಂದರಕ್ಕೆ ಸೀಲ್ ಚರ್ಮ ಹೊದಿಸುತ್ತಿದ್ದ ಇನೂಯಿಟ್ ಜನರ ಕಯಾಕೇ ಇದರ ಮೂಲ.

ಗಾಳಿಯಿಲ್ಲದ ಬೆಳಗ್ಗೆ ಅಳಿಯನದೇ ಮುಂದೆ. ನನ್ನದು ಅಗಲ, ಕೋಲುಗಳ ನಡುವೆ ಹೊದಿಕೆ ನೀರಿನ ಒತ್ತಡಕ್ಕೆ ಒಳತಗ್ಗುತ್ತದೆ, ಅದೂ ವೇಗ ತಿನ್ನುತ್ತದೆ. ಮಧ್ಯಾಹ್ನ ಪಡುಗಾಳಿ ಎದ್ದು ಅಲೆ ಅಡ್ಡಕ್ಕೆ ಬಂದಾಗ ಲೆಕ್ಕ ಬದಲಾಯಿತು. ಅವನ ದೋಣಿ ಅಲೆಗೆ ಫಟ್ ಫಟ್ ಎಂದು ಬಡಿಯುತ್ತಿತ್ತು. ನನ್ನದು ಸ್ವಲ್ಪ ಬಳುಕಿ ಅಲೆಯ ಮೇಲೆ ಹರಡಿಕೊಳ್ಳುತ್ತಿತ್ತು, ಎರಡೂ ಬದಿಯ ಗಾಳಿ ತುಂಬಿದ ಕೊಳವೆಗಳು ವಾಲದಂತೆ ಹಿಡಿದಿದ್ದವು. "ಮಾವ, ನಿಮ್ಮದು ನೀರಿನೊಟ್ಟಿಗೇ ಬಗ್ಗುತ್ತದಲ್ಲ!" ಅಂದ. ಆ ಒಂದು ಗುಣಕ್ಕಾಗಿಯೇ ನಾನು ಇದನ್ನು ಬಿಡಲಾರೆ.

ಆದರೆ ಪಡನ್ನದ ಕಡೆ ಜಾಗ್ರತೆ. ಅಲ್ಲಿ ನೀರಲ್ಲಿ ಕಂಬ ನೆಟ್ಟು, ಹಗ್ಗ ಇಳಿಬಿಟ್ಟು ಕಲ್ಲುಮ್ಮಕ್ಕಾಯಿ ಎಂಬ ಚಿಪ್ಪುಜೀವಿ ಬೆಳೆಸುತ್ತಾರೆ, ನಾವು ಪಚ್ಚಿಲೆ ಅನ್ನುವುದು. ಇಳಿತದಲ್ಲಿ ಚಿಪ್ಪುಗಳು ನೀರಿನ ಮಟ್ಟಕ್ಕೇ ಬರುತ್ತವೆ. ಅವನ ಪ್ಲಾಸ್ಟಿಕ್‌ಗೆ ಗೀರು ಬಿತ್ತು, ನನ್ನ ಹೊದಿಕೆ ಬೆರಳುದ್ದ ಸೀಳಿತು. ಒರೆಸಿ ಟೇಪ್ ಹಚ್ಚಿ ದಡ ಸೇರಿದೆ. ಮನೆಯಲ್ಲಿ ಮರಳುಕಾಗದದಿಂದ ಉಜ್ಜಿ ಅದೇ ಬಟ್ಟೆಯ ತೇಪೆ ಅಂಟಿಸಿದೆ. ಅದು ಅವರ ಬೆಳೆ, ದೂರದಿಂದಲೇ ಸುತ್ತಿ ಹೋಗಿ. ದಡಕ್ಕೂ ದೋಣಿ ಎಳೆಯಬೇಡಿ, ಮೊಣಕಾಲು ನೀರಲ್ಲೇ ಇಳಿದು ಎತ್ತಿ. ಲೈಫ್ ಜಾಕೆಟ್ ಬಿಚ್ಚಬೇಡಿ. ಇಳಿತದ ಹೊತ್ತಿಗೆ ಅಳಿವೆಯ ಹತ್ತಿರ ಸುಳಿಯಬೇಡಿ.

ಮರಳಿದ ರಾತ್ರಿಯೇ ಸಿಹಿನೀರಲ್ಲಿ ತೊಳೆದು ಕೋಲುಗಳನ್ನು ಬಿಚ್ಚಿಡಿ. ನಾನು ಎರಡು ದಿನ ತಡ ಮಾಡಿದೆ. ಉಪ್ಪು, ಮರಳು ಕಚ್ಚಿಕೊಂಡು ಒಂದು ಕೀಲು ಇನ್ನೂ ಬಿಡಿಸಲು ಬಂದಿಲ್ಲ.